ತಪ್ಪು ನಂದೇ ಅಂದವಳು

"ಕೈ ತೆಗೀರಿ..."

ಮಾತು ಮುಗಿಯುವ ಮೊದಲೇ ಆಶಾರಾಣಿ ಆ ಅಪರಿಚಿತನ ಮುಂಗೈಗೆ ಏಟು ಬಿಟ್ಟಿದ್ದಳು. ಮೆಲ್ಲಗೆ ತಟ್ಟಿದ್ದಲ್ಲ, ಮೂಲೆಯಲ್ಲಿ ಕೂತಿದ್ದ ಅವಳ ಅಪ್ಪ ಹುಚ್ಚಯ್ಯ ಪೇಪರು ಇಳಿಸಿ ನೋಡುವಷ್ಟು ಸದ್ದಾಗಿತ್ತು.

ಆ ಮನುಷ್ಯ ಹೆಲ್ಮೆಟ್ಟನ್ನೂ ತೆಗೆಯದೆ ಅಂಗಡಿಗೆ ನುಗ್ಗಿ, ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಕೂತಿದ್ದ ಹಳೇ ಟಿವಿಯನ್ನು ಎತ್ತಿಕೊಳ್ಳಲು ಅದರ ಒಳಗೇ ಕೈ ಹಾಕಿದ್ದ.

"ಏನ್ರೀ ಇದು, ಅಂಗಡಿಗೆ ಬಂದೋರಿಗೆ ಹೊಡೀತೀರಾ?"

"ಹೊಡೆದಿದ್ದಕ್ಕೆ ಇನ್ನೂ ನಿಂತಿದ್ದೀರ. ಆ ರಬ್ಬರ್ ಕ್ಯಾಪ್ ಮುಟ್ಟಿದ್ದಿದ್ರೆ ಆ ಗೋಡೆ ಹತ್ರ ಬಿದ್ದಿರ್ತಿದ್ರಿ."

"ಪ್ಲಗ್ಗೇ ಹಾಕಿಲ್ಲ. ನಂಗೂ ಕಣ್ಣು ಕಾಣುತ್ತೆ."

"ಈಗ ತಾನೆ ಆನ್ ಮಾಡಿ ನೋಡಿದ್ದೆ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಲ್ಲಿ ಕರೆಂಟ್ ಕೂತಿರುತ್ತೆ."

ಅವನು ನಂಬಿದಂತೆ ಕಾಣಲಿಲ್ಲ. ಆಶಾರಾಣಿ ಮಾತು ಬೆಳೆಸದೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಅದಕ್ಕೆ ಬಿಗಿದಿದ್ದ ವೈರಿನ ಇನ್ನೊಂದು ತುದಿಯನ್ನು ಟಿವಿಯ ಕಬ್ಬಿಣದ ಪಟ್ಟಿಗೆ ಸಿಕ್ಕಿಸಿ, ಅದರ ಮೊನೆಯನ್ನು ರಬ್ಬರ್ ಕ್ಯಾಪಿನ ಅಡಿಗೆ ತೂರಿಸಿದಳು.

ಚಟ್...

ನೀಲಿ ಕಿಡಿಯೊಂದು ಹಾರಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಸುಮ್ಮನೆ ಹೆಲ್ಮೆಟ್ ತೆಗೆದ.

ಬೆವರಿದ ಮುಖ. ಬಾಡಿದ ಕಣ್ಣು. ಸಿಟ್ಟಿನಲ್ಲಿ ಬಂದವನಲ್ಲ ಇವನು, ಗಾಬರಿಯಲ್ಲಿ ಬಂದವನು ಎಂದು ಅವಳಿಗೆ ಆಗ ತಿಳಿಯಿತು.

"ಈ ಟಿವಿ ನಮ್ಮನೇದು ಕಣ್ರೀ," ಅಂದ. "ನಮ್ಮ ತಂಗಿ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದಾಳೆ. ಅವ್ವ ಸಂತೆಯಿಂದ ಬಂದು ನೋಡುದ್ರೆ ಜಾಗ ಖಾಲಿ. ನಿನ್ನೆಯಿಂದ ಅನ್ನ ಮುಟ್ಟಿಲ್ಲ."

ಅವನ ಹೆಸರು ಚೆಲುವರಾಜು. ಊರು ಟಿ. ನರಸೀಪುರ. ಅಲ್ಲಿನ ಪಶು ಆಸ್ಪತ್ರೆಯಲ್ಲಿ ಕೆಲಸ. ಗುಜರಿಯವನನ್ನು ಹುಡುಕಿ, ಅವನು ಮಾರಿದ ಅಂಗಡಿಯ ಗುರುತು ಕೇಳಿಕೊಂಡು ನಂಜನಗೂಡಿನವರೆಗೆ ಬಂದಿದ್ದ.

ಆಶಾರಾಣಿ ಟಿವಿಯ ಕಡೆ ನೋಡಿದಳು. ತೇಗದ ಪೆಟ್ಟಿಗೆ, ಎರಡು ಕಡೆಗೂ ಸರಿಯುವ ಮರದ ಶಟರ್, ನಾಲ್ಕು ಕಾಲು. ಇಂಥದ್ದು ಈಗ ಸಿಗುವುದೇ ಅಪರೂಪ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಈ ಅಂಗಡಿಯನ್ನು ನಿಲ್ಲಿಸಿಕೊಂಡು ಬಂದದ್ದು ಇಂಥ ಹಳೇ ಟಿವಿಗಳೇ. ಕೆಲವನ್ನು ಮೊದಲಿನ ಹಾಗೇ ರಿಪೇರಿ ಮಾಡುತ್ತಿದ್ದಳು. ಕೆಲವದರ ಕರುಳೆಲ್ಲ ತೆಗೆದು, ಪೆಟ್ಟಿಗೆಯೊಳಗೆ ಹೊಸ ಎಲ್‌ಇಡಿ ಪರದೆ ಕೂರಿಸಿ ಹೋಟೆಲು, ರೆಸಾರ್ಟುಗಳಿಗೆ ಕೊಡುತ್ತಿದ್ದಳು. ಈ ಪೆಟ್ಟಿಗೆಗೂ ಮೈಸೂರಿನ ಹೋಟೆಲೊಂದು ಆರ್ಡರ್ ಕೊಟ್ಟಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಪಿಕ್ಚರ್ ಟ್ಯೂಬು ಹೊರಗೆ ಬರುತ್ತಿತ್ತು.

"ಇದನ್ನ ಬೇರೆಯೋರಿಗೆ ಮಾತು ಕೊಟ್ಟಿದ್ದೀನಿ," ಅಂದಳು.

"ನಮ್ಮವ್ವಂಗೆ ನಾನೂ ಮಾತು ಕೊಟ್ಟು ಬಂದಿದ್ದೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ಹುಚ್ಚಯ್ಯ ಮೂಲೆಯಿಂದಲೇ ಕೆಮ್ಮಿ, "ಓಟ್ಲಿನೋರಿಗೆ ಟಿವಿ ಇಲ್ದೆ ಇದ್ರೆ ಊಟ ಸೇರದೇ ಇರಾಕಿಲ್ಲ ಕಣವ್ವ," ಅಂದ.

*

ಹೀಗೆ ಆ ಟಿವಿ ಉಳಿಯಿತು. ಆದರೆ ಹಾಗೇ ಹೊತ್ತುಕೊಂಡು ಹೋಗುವಂತಿರಲಿಲ್ಲ. ಒಳಗಿನ ಕಂಡೆನ್ಸರುಗಳೆಲ್ಲ ಒಣಗಿ ಊದಿಕೊಂಡಿದ್ದವು. ಪರದೆಯ ಮೇಲೆ ಬರುತ್ತಿದ್ದದ್ದು ಒಂದು ಬಿಳೀ ಗೆರೆ ಮಾತ್ರ.

"ಬರೀ ಪೆಟ್ಟಿಗೆ ಕೊಡ್ಲಾ, ಚಿತ್ರ ಬರೋ ಹಾಗೆ ಮಾಡಿ ಕೊಡ್ಲಾ?" ಆಶಾರಾಣಿ ಕೇಳಿದಳು.

ಚೆಲುವರಾಜು ಬಾಗಿ ಆ ಗೆರೆಯನ್ನೇ ನೋಡಿದ. "ಚಿತ್ರ ಬರುತ್ತಾ... ಇನ್ನೂ?"

"ನೋಡಣ."

ಆಮೇಲೆ ಅವನು ಶನಿವಾರ ಶನಿವಾರ ಬರತೊಡಗಿದ. ಆಸ್ಪತ್ರೆ ಮುಗಿಸಿ, ಬೈಕಿನಲ್ಲಿ. ಅವಳು ಟಿವಿಯೊಳಗೆ ತಲೆ ತೂರಿಸಿದರೆ ಅವನು ಟಾರ್ಚು ಹಿಡಿಯುತ್ತಿದ್ದ. ಮೊದಮೊದಲು ಮಾತೇ ಇರಲಿಲ್ಲ. ಆಮೇಲೆ ದನಕರುಗಳ ಕಥೆ ಶುರುವಾಯಿತು. ಕರು ಅಡ್ಡ ತಿರುಗಿದ್ದ ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ನಿಂತಿದ್ದಾಗ ಫೋನ್ ಬಡಿದುಕೊಂಡಿದ್ದು, ಹಸುವಿನ ಯಜಮಾನನೇ ಅವನ ಜೇಬಿಗೆ ಕೈ ಹಾಕಿ ಫೋನ್ ಎತ್ತಿ "ಡಾಕ್ಟ್ರು ಒಳಗವ್ರೆ" ಅಂದಿದ್ದು...

ಆಶಾರಾಣಿ ನಕ್ಕ ನಗುವಿಗೆ ಬೆಸುಗೆ ಹಾಕುತ್ತಿದ್ದ ಕೈ ಅಲುಗಿತು.

'ಇದೇನು ನನ್ನ ಕೈಗೂ ಅಪ್ಪನ ಕೈಯ ರೋಗ ಬಂತಾ...' ಎಂದುಕೊಂಡಳು. ರೋಗವಲ್ಲ ಎಂದು ಅವಳಿಗೇ ಗೊತ್ತಿತ್ತು.

ಒಂದು ಶನಿವಾರ ಅವನು ತಾಯಿಯನ್ನೂ ಕರೆತಂದ. ಗುರುಸಿದ್ದಮ್ಮ ಸಣ್ಣ ಆಳು, ದೊಡ್ಡ ಕುಂಕುಮವಿರಬೇಕಾದ ಜಾಗದಲ್ಲಿ ಬರೀ ವಿಭೂತಿ. ಟಿವಿಯ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿದರು. ಮಗ ಟೀ ತರಲು ಹೋದಾಗ ಆಶಾರಾಣಿಯ ಕಡೆ ಬಾಗಿ, ಗುಟ್ಟು ಹೇಳುವಂತೆ ಹೇಳಿದರು:

"ನಾನು ಮದ್ವೆಯಾಗಿ ಓದಾಗ ಮನೆ ತುಂಬ ಜನ ಕಣವ್ವ. ಅತ್ತೆ ಮುಂದೆ ಗಂಡನ ಜೊತೆ ಮಾತಾಡಂಗಿಲ್ಲ. ಪಕ್ಕದಲ್ಲಿ ಕುಂತ್ಕೊಳಾದಂತೂ ಕನ್ಸಿನ ಮಾತು. ಇದು ಬಂದ ಮೇಲೆ ಇಡೀ ಬೀದಿ ಜನ ನಮ್ಮನೇಲೇ. ಲೈಟ್ ಆರಿಸ್ಬುಡೋರು. ಆಗ ಅವ್ರು ಮೆಲ್ಲುಕೆ ಬಂದು ನನ್ನ ಪಕ್ಕ ಕುಂತ್ಕೋರು. ಅಷ್ಟೇಯ. ಏನು ನೋಡಿದ್ವೋ ಒಂದೂ ನೆಪ್ಪಿಲ್ಲ."

ಆ ದಿನ ರಾತ್ರಿ ಊಟಕ್ಕೆ ಕೂತಾಗ ಹುಚ್ಚಯ್ಯನೇ ಮಾತು ತೆಗೆದ.

"ದನದ ಡಾಕ್ಟ್ರು ಟಿವಿ ನೋಡಕ್ಕೆ ಬತ್ತಾನೋ ನಿನ್ನ ನೋಡಕ್ಕೆ ಬತ್ತಾನೋ?"

"ಅಪ್ಪ, ಸುಮ್ನೆ ಉಣ್ಣು."

"ಉಣ್ತಿದ್ದೀನಿ ಕಣವ್ವ. ಕೇಳ್ದೆ, ಅಷ್ಟೇಯ."

*

ಕೊನೆಗೊಂದು ದಿನ ಚಿತ್ರ ಬಂತು. ಈಗಿನ ಕೇಬಲ್ಲು ಆ ಕಾಲದ ಟಿವಿಗೆ ಅರ್ಥವಾಗುವಂತೆ ಮಾಡುವ ಸಣ್ಣ ಪೆಟ್ಟಿಗೆಯೊಂದನ್ನು ಆಶಾರಾಣಿ ಒಳಗೇ ಕೂರಿಸಿದ್ದಳು. ನರಸೀಪುರದ ಮನೆಯಲ್ಲಿ, ಹಳೇ ಜಾಗದಲ್ಲೇ ಇಟ್ಟು ಆನ್ ಮಾಡಿದಾಗ ಪರದೆ ಮೆಲ್ಲಗೆ ಬೆಳಗಿತು. ಗುರುಸಿದ್ದಮ್ಮ ಚಾಪೆ ಹಾಸಿ, ತಮ್ಮ ಪಕ್ಕ ಸ್ವಲ್ಪ ಜಾಗ ಬಿಟ್ಟುಕೊಂಡು ಕೂತರು. ಟಿವಿಯನ್ನು ಗುಜರಿಗೆ ಹಾಕಿದ್ದ ಮಗಳು ದಿವ್ಯ, ಏಳು ತಿಂಗಳ ಬಸುರಿ, ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಅತ್ತುಬಿಟ್ಟಳು.

ಹೊರಡುವ ಮೊದಲು ಆಶಾರಾಣಿ ಹಿಂಬದಿಯ ಫ್ಯೂಸ್ ತೋರಿಸಿ ಹೇಳಿದಳು. "ನಿಮ್ಮ ಬೀದೀಲಿ ಕರೆಂಟು ಒಂದೇ ಸಮ ಇಲ್ಲ. ಜಾಸ್ತಿ ಬಂದ್ರೆ ಇದು ಸುಟ್ಟೋಗುತ್ತೆ, ಟಿವಿ ಉಳಿಯುತ್ತೆ. ಫ್ಯೂಸ್ ಹೋದ್ರೆ ನಂಗೆ ಫೋನ್ ಮಾಡಿ. ಇದಕ್ಕೆ ಯಾರೂ ತಂತಿ ಗಿಂತಿ ಸುತ್ತಬೇಡಿ. ಬೆಂಕಿ ಹತ್ಕೊಳುತ್ತೆ."

ಫ್ಯೂಸ್ ಒಮ್ಮೆ ಹೋಯಿತು. ಅವಳು ಬಸ್ಸು ಹಿಡಿದು ಬಂದು ಹಾಕಿಕೊಟ್ಟಳು. ಬಸ್ ಸ್ಟ್ಯಾಂಡಿಗೆ ಬಿಡಲು ಬಂದ ಚೆಲುವರಾಜು, ಬಸ್ಸು ಬಂದು ನಿಂತರೂ ಅವಳ ಚೀಲ ಕೊಡದೆ ಹಿಡಿದುಕೊಂಡಿದ್ದ.

"ದಿವ್ಯನ ಸೀಮಂತ ಮುಗೀಲಿ. ಅವ್ವನ್ನ ಕರ್ಕೊಂಡು ನಿಮ್ಮನೆಗೆ ಬತ್ತೀನಿ. ನಿಮ್ಮಪ್ಪನ ಹತ್ರ ಮಾತಾಡ್ಬೇಕು."

"ಯಾವ್ ಮಾತು? ಟಿವಿ ವಿಷ್ಯವಾ?"

"ಟಿವಿ ವಿಷ್ಯ ಅಲ್ಲ."

ಅವಳು ಚೀಲ ಕಿತ್ತುಕೊಂಡು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೂ ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಮುಖವೆಲ್ಲ ಹೇಳಿಬಿಡುತ್ತಿತ್ತು...

*

ಸೀಮಂತದ ದಿನ ಮನೆ ತುಂಬ ನೆಂಟರು. ದಿವ್ಯನ ಗಂಡ ಶಿವು, ಅವನ ತಾಯಿ ಚನ್ನಾಜಮ್ಮ ಹೆಡತಲೆ ಊರಿನಿಂದ ಎರಡು ಕಾರು ಜನರೊಂದಿಗೆ ಬಂದಿದ್ದರು. ಚನ್ನಾಜಮ್ಮನ ಮಾತು ಕಡ್ಡಿ ಮುರಿದಂತೆ. ಬಂದ ಕೂಡಲೇ, "ಬಾಣಂತನ ಇಲ್ಲೇ ಆಯ್ತದೆ ಅಂತ ನಾವಿನ್ನೂ ಒಪ್ಪಿಲ್ಲ, ಮನೆ ನೋಡಿ ಏಳ್ತೀವಿ" ಅಂದಿದ್ದರು. ಮೊದಲ ಹೆರಿಗೆ ತವರಿನಲ್ಲಿ ಎಂಬ ವಾಡಿಕೆಯನ್ನೂ ಅವರು ತೂಕ ಹಾಕುವವರು.

ಆಶಾರಾಣಿ ಹೊಸ ಸೀರೆ ಉಟ್ಟು, ಅಪ್ಪನ ಜೊತೆ ಬಂದಿದ್ದಳು. ಚೆಲುವರಾಜು ಪಂಕ್ತಿಯ ಆ ತುದಿಯಿಂದ ನೋಡಿದ. ಅವಳು ಈ ತುದಿಯಿಂದ ನೋಡಿದಳು. ಅಷ್ಟು ಸಾಕಾಗಿತ್ತು.

ಟಿವಿಯ ಶಟರ್ ಸರಿಸಿ ಹಚ್ಚಿಟ್ಟಿದ್ದರು. ಮೇಲೆ ಕಸೂತಿಯ ಬಟ್ಟೆ, ಹೂವಿನ ಹಾರ. ಅದರ ಪಕ್ಕದಲ್ಲೇ ದಿವ್ಯನನ್ನು ಕೂರಿಸಿ ಆರತಿ ಎತ್ತುವಾಗ ಆಶಾರಾಣಿಯ ಮೂಗಿಗೆ ವಾಸನೆ ಬಡಿಯಿತು.

ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಸುಡುವ ಮೇಣ. ಕರಗುವ ವೈರು.

"ಅಲ್ಲಿಂದ ಏಳಿ... ದಿವ್ಯ, ಏಳಿ..."

ಅವಳು ಜನರನ್ನು ತಳ್ಳಿಕೊಂಡು ಬರುವುದರೊಳಗೆ ಟಿವಿಯ ಬೆನ್ನಿನಿಂದ ಹೊಗೆ, ಅದರ ಹಿಂದೆಯೇ ಉರಿ. ಬಟ್ಟೆಗೆ ಹತ್ತಿತು. ದಿವ್ಯ ಹೆದರಿ ಬರಿಗೈಯಲ್ಲಿ ಬಟ್ಟೆಯನ್ನು ಕಿತ್ತಳು. ಕಿರುಚಾಟ ಮನೆ ತುಂಬಿತು. ಆಶಾರಾಣಿ ಮೇನ್ ಸ್ವಿಚ್ ಇಳಿಸಿ, ಮೂಲೆಯಲ್ಲಿದ್ದ ಕಂಬಳಿ ಎಳೆದು ಟಿವಿಯ ಮೇಲೆ ಕವುಚಿ ಒತ್ತಿ ಹಿಡಿದಳು.

ಉರಿ ಆರಿತು. ದಿವ್ಯನ ಬಲಗೈ ಮಾತ್ರ ಅಂಗೈಯಿಂದ ಮಣಿಕಟ್ಟಿನವರೆಗೆ ಸುಟ್ಟಿತ್ತು.

ಚೆಲುವರಾಜು, ಶಿವು ಅವಳನ್ನು ಕಾರಿಗೆ ಎತ್ತಿ ಆಸ್ಪತ್ರೆಗೆ ಓಡಿದರು. ಉಳಿದವರೆಲ್ಲ ಅಂಗಳಕ್ಕೆ ಬಿದ್ದರು. ಆಶಾರಾಣಿ ಒಬ್ಬಳೇ ಆ ಕಪ್ಪಾದ ಪೆಟ್ಟಿಗೆಯ ಮುಂದೆ ಕೂತು, ಬೆನ್ನಿನ ಹಲಗೆ ಬಿಚ್ಚಿದಳು. ಎಲ್ಲಿ ತಪ್ಪಿದೆ ನಾನು... ಯಾವ ಬೆಸುಗೆ...

ಕಣ್ಣು ಫ್ಯೂಸಿನ ಮೇಲೆ ನಿಂತಿತು.

ಸುಟ್ಟುಹೋದ ಫ್ಯೂಸಿನ ಸುತ್ತ ದಪ್ಪ ತಾಮ್ರದ ತಂತಿ. ನೀಟಾಗಿ, ಬಿಗಿಯಾಗಿ ಸುತ್ತಿತ್ತು.

ಅವಳು ತಲೆ ಎತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಗುರುಸಿದ್ದಮ್ಮ ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮೊನ್ನೆ ಮತ್ತೆ ಓಯ್ತು ಕಣವ್ವ," ಪಿಸುಗುಟ್ಟಿದರು. "ಸೀಮಂತದ ಎದ್ರಿಗೆ ನಿಂಗ್ಯಾಕೆ ತೊಂದ್ರೆ ಅಂತ... ಸೀರಿಯಲ್ ಲೈಟ್ ಕಟ್ಟಕ್ ಬಂದಿದ್ನಲ್ಲ, ಅವ್ನ ಕೈಲಿ ಮಾಡಿಸ್ದೆ. ನೆಂಟ್ರ ಮುಂದೆ ನಡೀಬೇಕು ಅನ್ನೋ ಆಸೆ ಕಣವ್ವ ನಂಗೆ. ನೀನು ಬ್ಯಾಡ ಅಂದಿದ್ದೆ. ನಂಗೆ ಗ್ಯಾನ ಇತ್ತು."

ಅಂಗಳದಲ್ಲಿ ಚನ್ನಾಜಮ್ಮನ ದನಿ ಏರಿತು. "ಯಾರು ಮಾಡಿದ್ದು ಅಂತ ತಿಳೀಲಿ. ಈ ಮನೆಯೋರ ತಪ್ಪಾಗಿದ್ರೆ ಈವತ್ತೇ ಸೊಸೇನ ಕರ್ಕೊಂಡೋಯ್ತೀನಿ. ಈ ಒಸ್ಲು ಮತ್ತೆ ತುಳ್ಸಾಕಿಲ್ಲ."

ಗುರುಸಿದ್ದಮ್ಮ ಆಶಾರಾಣಿಯ ತೋಳು ಹಿಡಿದರು.

"ಏಳ್ಬ್ಯಾಡ ಕಣವ್ವ... ನನ್ನ ಮಗಳ್ನ ನನ್ನಿಂದ ಕಿತ್ಕೊಂಡುಬುಡ್ತಾರೆ."

ಆಶಾರಾಣಿಗೆ ತಾಯಿಯ ಮುಖ ನೆನಪಿರಲಿಲ್ಲ. ಮಗಳಿಗಾಗಿ ಒಬ್ಬ ತಾಯಿ ಹೀಗೆ ಬೇಡುವುದನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. 'ಹೇಳಲ್ಲ' ಎಂದು ಮಾತು ಕೊಟ್ಟು ತಂತಿಯನ್ನು ಬಿಚ್ಚಿದಳು. ಹಿತ್ತಲಿಗೆ ಹೋಗಿ ಚರಂಡಿಯ ನೀರಿಗೆ ಎಸೆದು ಬಂದಳು.

*

ಸಂಜೆ ಹೊತ್ತಿಗೆ ಚೆಲುವರಾಜು ಆಸ್ಪತ್ರೆಯಿಂದ ಮರಳಿದ. ಮಗುವಿಗೆ ಏನೂ ಆಗಿಲ್ಲ, ಕೈ ಮಾಯಲು ದಿನ ಹಿಡಿಯುತ್ತದೆ ಎಂದಿದ್ದರು. ಅವನ ಶರ್ಟಿನ ಮೇಲೆ ದಿವ್ಯನ ಕೈಗೆ ಹಚ್ಚಿದ್ದ ಮುಲಾಮಿನ ಕಲೆಯಿತ್ತು. ಎಲ್ಲರ ಎದುರಿಗೇ ಅವಳ ಮುಂದೆ ಬಂದು ನಿಂತ.

"ಒಂದೇ ಮಾತು ಹೇಳು. ಏನಾಗಿತ್ತು?"

ಇದುವರೆಗೆ 'ನೀವು' ಅನ್ನುತ್ತಿದ್ದವನು ಇವತ್ತು ಮೊದಲ ಸಲ ಏಕವಚನಕ್ಕೆ ಇಳಿದಿದ್ದ. ಅದು ಹತ್ತಿರವಾದ ಏಕವಚನವಲ್ಲ.

'ನನ್ನ ಕಣ್ಣು ನೋಡಿ ಕೇಳು... ನೋಡಿದ್ರೆ ನಿಂಗೆ ಗೊತ್ತಾಗುತ್ತೆ...' ಅವಳ ಮನಸ್ಸು ಕೂಗಿತು. ಅವನು ಸುಟ್ಟ ಪೆಟ್ಟಿಗೆಯನ್ನು ನೋಡುತ್ತಿದ್ದ.

"ನಂದೇ ತಪ್ಪು," ಅಂದಳು. "ಒಂದು ಬೆಸುಗೆ ಸರಿಯಾಗಿ ಹಾಕಿರಲಿಲ್ಲ."

ಅವನ ದವಡೆ ಬಿಗಿಯಿತು.

"ನನ್ನ ತಂಗಿ ಹೊಟ್ಟೇಲಿ ಮಗು ಇದೆ. ಅಷ್ಟು ದಿನ ನಿನ್ನ ಕೈ ಕೆಲಸ ನೋಡಿ ನೋಡಿ... ಎಂಥ ಕೈ ಅನ್ಕೊಂಡಿದ್ದೆ." ಅವನ ದನಿ ಒಡೆಯಿತು. "ಇನ್ನು ಈ ಮನೆ ಕಡೆ ಬರ್ಬೇಡ."

ಹುಚ್ಚಯ್ಯ ಎದ್ದು ಏನೋ ಹೇಳಲು ಹೋದ. ಆಶಾರಾಣಿ ಅಪ್ಪನ ನಡುಗುವ ಕೈಯನ್ನು ಗಟ್ಟಿಯಾಗಿ ಹಿಡಿದು ಹೊರಗೆ ನಡೆದಳು.

ಬಸ್ಸಿನಲ್ಲಿ ಹುಚ್ಚಯ್ಯ ಅವಳ ಕಡೆ ತಿರುಗಿದ. "ನಿನ್ನ ಬೆಸುಗೆ ಬಿಡಾಕಿಲ್ಲ ಕಣವ್ವ. ನಾನೇ ಕಲಿಸಿದ್ದು. ಯಾರ್ನ ಉಳಿಸ್ತಿದ್ದೀಯ?"

ಅವಳು ಕಿಟಕಿಗೆ ತಲೆ ಕೊಟ್ಟಳು.

*

ಯಾವನೋ ನೆಂಟ ಉರಿಯುವ ಟಿವಿಯನ್ನು ಫೋನಿನಲ್ಲಿ ಹಿಡಿದಿದ್ದ. ವಾರದೊಳಗೆ ಅದು ಊರೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. 'ನಂಜನಗೂಡಿನ ಹುಡುಗಿ ಮಾಡಿದ ಟಿವಿ.' ಮೈಸೂರಿನ ಹೋಟೆಲಿನವರು ಎಲ್ಲ ಆರ್ಡರ್ ನಿಲ್ಲಿಸಿದರು. ಕಳಲೆ ಊರಿನವರೊಬ್ಬರು ಚೆನ್ನಾಗಿ ನಡೆಯುತ್ತಿದ್ದ ಟಿವಿಯನ್ನೇ ಆಟೋದಲ್ಲಿ ತಂದು, "ಮನೇಲಿ ಮಕ್ಕಳವ್ರೆ, ತಪ್ಪು ತಿಳ್ಕಬ್ಯಾಡಿ" ಎಂದು ಇಳಿಸಿ ಹೋದರು. ದೇವನೂರಿನಿಂದ ಇನ್ನೊಂದು ಬಂತು. ಅಂಗಡಿಯಲ್ಲಿ ನಡೆಯಲು ಜಾಗವಿಲ್ಲದಷ್ಟು ಟಿವಿಗಳು ತುಂಬಿದವು. ಒಂದಕ್ಕೂ ಕೆಲಸವಿರಲಿಲ್ಲ.

ಅವಳು ಫೋನ್ ನೋಡುತ್ತಿದ್ದಳು. ಅವನ ಹೆಸರು ಬರುತ್ತಿರಲಿಲ್ಲ. ಬರಬಾರದು ಎಂದುಕೊಂಡೇ ನೋಡುತ್ತಿದ್ದಳು.

ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. ಅವನದಲ್ಲ. ನರಸೀಪುರದ ಪೊಲೀಸ್ ಸ್ಟೇಷನ್ನಿನಿಂದ. ಶಿವು ಕಂಪ್ಲೇಂಟ್ ಕೊಡಲು ಬಂದಿದ್ದಾನೆ, ಮನೆಯ ಯಜಮಾನನೂ ಬಂದು ಸಹಿ ಹಾಕುತ್ತಾನೆ, ನೀವೂ ಬಂದು ಹೇಳಿಕೆ ಕೊಡಿ ಎಂದರು.

ಮನೆಯ ಯಜಮಾನ. ಅಂದರೆ ಚೆಲುವರಾಜು.

ತಂತಿ ಚರಂಡಿಯಲ್ಲಿ ಕೊಚ್ಚಿಹೋಗಿತ್ತು. ಬಾಯಿಬಿಟ್ಟು ಹೇಳಿದರೂ ಈಗ ಯಾರು ನಂಬುತ್ತಾರೆ?

"ನಿಜ ಏಳ್ಬುಡು ರಾಣಿ," ಹುಚ್ಚಯ್ಯ ಬಾಗಿಲಿಗೆ ಅಡ್ಡ ನಿಂತು ಬೇಡಿದ. "ಅಂಗ್ಡಿ ಓದ್ರೆ ಓಗ್ಲಿ. ನಿನ್ನ ಯೆಸ್ರು ಸ್ಟೇಷನ್ನಲ್ಲಿ ಬರೆಯಾದು ಬ್ಯಾಡ."

"ಅಪ್ಪ, ನಾನು ಒಬ್ಬರಿಗೆ ಮಾತು ಕೊಟ್ಟಿದ್ದೀನಿ."

*

ಸ್ಟೇಷನ್ನಿನ ಜಗಲಿಯಲ್ಲಿ ಉದ್ದನೆಯ ಬೆಂಚು. ಒಂದು ತುದಿಯಲ್ಲಿ ಆಶಾರಾಣಿ, ಹುಚ್ಚಯ್ಯ. ಇನ್ನೊಂದು ತುದಿಯಲ್ಲಿ ಚನ್ನಾಜಮ್ಮ, ಶಿವು. ಕಂಬಕ್ಕೆ ಒರಗಿ ಚೆಲುವರಾಜು. ಅವನು ಸೊರಗಿದ್ದ. ಗಡ್ಡ ಬಂದಿತ್ತು. ಅವಳನ್ನು ನೋಡಿದವನು ಕಣ್ಣು ತೆಗೆಯಲು ಆಗದೆ, ನಿಲ್ಲಿಸಲೂ ಆಗದೆ ನೆಲ ನೋಡಿದ.

ಒಳಗಿನಿಂದ ಕರೆ ಬಂತು. ಮೇಜಿನ ಮೇಲೆ ಕಂಪ್ಲೇಂಟು ಸಿದ್ಧವಾಗಿತ್ತು. ಶಿವು ಸಹಿ ಹಾಕಿದ. ಪೆನ್ನು ಚೆಲುವರಾಜುವಿನ ಕೈಗೆ ಬಂತು.

ಅವನು ಪೆನ್ನು ಹಿಡಿದುಕೊಂಡು ನಿಂತ.

"ಸಾ," ಅವನು ತಡವರಿಸಿದ. "ಸ್ವಲ್ಪ ಟೈಮ್ ಕೊಡಿ..."

"ಟೈಮ್ ಯಾತಕ್ಕೆ?" ಚನ್ನಾಜಮ್ಮ ಗದರಿದರು. "ತಂಗಿ ಕೈ ಸುಟ್ಟೈತೆ. ಆ ಹುಡುಗಿ ತಾನೇ ಒಪ್ಕೊಂಡವ್ಳೆ."

"ಸಹಿ ಆಕ್ಬ್ಯಾಡ ಕಣಪ್ಪ."

ಎಲ್ಲರೂ ಬಾಗಿಲ ಕಡೆ ತಿರುಗಿದರು. ಗುರುಸಿದ್ದಮ್ಮ. ಅವರ ಹಿಂದೆ, ಕೈಗೆ ಬಿಳೀ ಪಟ್ಟಿ ಸುತ್ತಿಕೊಂಡ ದಿವ್ಯ. ಇಬ್ಬರೂ ಬಿಸಿಲಿನಲ್ಲಿ ನಡೆದೇ ಬಂದಿದ್ದರು.

ಆಶಾರಾಣಿ ಎದ್ದು ಬೇಡವೆನ್ನುವಂತೆ ತಲೆಯಾಡಿಸಿದಳು. ಗುರುಸಿದ್ದಮ್ಮ ಅವಳ ಕಡೆ ನೋಡಲೇ ಇಲ್ಲ. ನೆಟ್ಟಗೆ ಬೀಗಿತಿಯ ಎದುರು ಹೋಗಿ ನಿಂತರು.

"ಫ್ಯೂಸಿಗೆ ತಂತಿ ಸುತ್ತಿಸಿದ್ದು ನಾನು. ಈ ಹುಡುಗಿ ಬ್ಯಾಡ ಅಂತ ಬಾಯ್ಬುಟ್ಟು ಏಳಿತ್ತು. ಕೇಳ್ನಿಲ್ಲ. ಬೆಂಕಿ ಬಿದ್ಮೇಲೆ ಏಳ್ಬ್ಯಾಡ ಅಂತ ಕೈ ಇಡ್ಕೊಂಡವ್ಳೂ ನಾನೇಯ. ಅವ್ಳು ನನ್ನ ಪಾಪ ತಲೆ ಮೇಲೆ ಒತ್ಕೊಂಡ್ಳು. ಪೋಲೀಸ್ ಟೇಸನ್ ಗಂಟ ಒತ್ಕೊಂಡ್ ಬಂದವ್ಳೆ." ಅವರ ದನಿ ನಡುಗಿತು, ನಿಲ್ಲಲಿಲ್ಲ. "ಈಗ ನನ್ನ ಮಗಳ್ನ ಕರ್ಕೊಂಡೋಗಾದಾದ್ರೆ ಕರ್ಕೊಂಡೋಗಿ. ಇನ್ನೊಬ್ರ ಮಗಳ್ನ ಸುಟ್ಟು ನನ್ನ ಮಗಳ್ನ ಇಟ್ಕಳಾಕೆ ನಂಗಾಗಾಕಿಲ್ಲ."

ಚೆಲುವರಾಜುವಿನ ಕೈಯಿಂದ ಪೆನ್ನು ಜಾರಿ ಮೇಜಿನ ಮೇಲೆ ಉರುಳಿತು.

ಚನ್ನಾಜಮ್ಮ ಬೀಗಿತಿಯನ್ನು ನೋಡಿದರು. ಆಶಾರಾಣಿಯನ್ನು ನೋಡಿದರು.

"ಅವತ್ತೇ ಏಳಿದ್ರೆ ಜಗಳ ಆಡ್ತಿದ್ದೆ," ಅಂದರು ಕೊನೆಗೆ. "ಇವತ್ತು ಜಗಳ ಆಡಾಕೂ ಬಾಯಿ ಬತ್ತಿಲ್ಲ."

"ಅತ್ತೆ," ದಿವ್ಯ ಮುಂದೆ ಬಂದಳು. "ನಾನು ಅವ್ವನ ಹತ್ರನೇ ಇರ್ತೀನಿ. ನೀವು ಬಂದು ಹೋಗಿ ಮಾಡ್ತಿರಿ. ಆದ್ರೆ ನಾನು ಇಲ್ಲೇ ಇರ್ತೀನಿ."

ಶಿವು ತಾಯಿಯ ಮುಖ ನೋಡಿದ. ಆಮೇಲೆ ತಾನೇ ಮುಂದೆ ಬಾಗಿ, ಸಹಿ ಹಾಕಿದ್ದ ಕಾಗದವನ್ನು ಎತ್ತಿಕೊಂಡು, "ಇದು ಬೇಡ ಸಾ, ನಾವು ಮನೇಲೇ ಸರಿ ಮಾಡ್ಕತೀವಿ," ಅಂದ. ಚನ್ನಾಜಮ್ಮ ತಡೆಯಲಿಲ್ಲ.

*

ಆಶಾರಾಣಿ ಗೇಟು ದಾಟುವಷ್ಟರಲ್ಲಿ ಹಿಂದೆ ಓಡಿಬರುವ ಹೆಜ್ಜೆ ಕೇಳಿತು.

"ಆಶಾ..."

ಅವಳು ನಿಂತಳು. ತಿರುಗಲಿಲ್ಲ.

"ಯಾಕೆ ಹೇಳ್ಲಿಲ್ಲ ನಂಗೆ? ನಂಗಾದ್ರೂ..."

ಈಗ ತಿರುಗಿದಳು. ಇಷ್ಟು ದಿನ ಹಿಡಿದಿಟ್ಟಿದ್ದ ನೀರು ಕಣ್ಣಲ್ಲಿ ಬಂದು ನಿಂತಿತ್ತು.

"ನಾನು ಸುಳ್ಳು ಹೇಳ್ದೆ. ಸರಿ. ಆದ್ರೆ ನೀವು ಒಂದೇ ಮಾತಿಗೆ ನಂಬಿದ್ರಲ್ಲ?"

ಅವನು ಹತ್ತಿರ ಬರಲು ಹೋಗಿ ಅಲ್ಲೇ ನಿಂತ.

"ಅಷ್ಟು ಶನಿವಾರ ಟಾರ್ಚ್ ಹಿಡ್ಕೊಂಡು ನಿಂತಿದ್ರಿ. ನಾನು ಒಂದೊಂದು ಬೆಸುಗೆನೂ ಎರಡೆರಡು ಸಲ ನೋಡೋದನ್ನ ನೋಡಿದ್ರಿ. ನಮ್ಮಪ್ಪ ಬಸ್ಸಲ್ಲಿ ಕೂತ್ಕೊಂಡೇ ಹೇಳಿದ, ನಿನ್ನ ಬೆಸುಗೆ ಬಿಡಲ್ಲ ಅಂತ. ನಿಮಗೆ ಯಾಕೆ ಅನ್ನಿಸ್ಲಿಲ್ಲ?"

ಉತ್ತರಕ್ಕೆ ಕಾಯದೆ ಅವಳು ಅಪ್ಪನ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅವನು ಹಿಂಬಾಲಿಸಲಿಲ್ಲ. ಹಿಂಬಾಲಿಸಬಾರದೆಂಬಷ್ಟು ಬುದ್ಧಿ ಅವನಿಗಿತ್ತು.

ಮರುದಿನದಿಂದ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ವಿಡಿಯೋ ಓಡಾಡಿತು. ಗುರುಸಿದ್ದಮ್ಮ ತಮ್ಮ ಮನೆಯ ಜಗಲಿಯಲ್ಲಿ ಕೂತು, ಫೋನಿನ ಕಡೆ ನೋಡಲು ಬಾರದೆ ಎಲ್ಲೋ ಪಕ್ಕಕ್ಕೆ ನೋಡುತ್ತ, ನಡೆದದ್ದನ್ನೆಲ್ಲ ಹೇಳಿದ್ದರು. ಕಳಲೆಯವರು ಬಂದು ಕಣ್ಣು ತಪ್ಪಿಸಿಕೊಂಡೇ ಟಿವಿ ವಾಪಸ್ ಕೇಳಿದರು. "ನಮ್ಮೂರಿಗೆ ಬೈಕಲ್ಲಿ ಒಬ್ರು ಬಂದಿದ್ರು," ಅಂದರು. "ನರಸೀಪುರದ ದನದ ಆಸ್ಪತ್ರೆಯೋರಂತೆ. ತಪ್ಪು ನಮ್ಮನೇದು, ಆ ಹುಡುಗೀದಲ್ಲ ಅಂತ ಮನೆಮನೆಗೆ ಏಳ್ಕೊಂಡ್ ಓಯ್ತಿದ್ರು." ದೇವನೂರಿನವರೂ ಅದನ್ನೇ ಹೇಳಿದರು. ಮೈಸೂರಿನ ಹೋಟೆಲಿನಿಂದಲೂ ಫೋನ್ ಬಂತು. ಅಲ್ಲಿಗೂ ಅವನು ಹೋಗಿದ್ದ.

ನಮ್ಮ ಅಂಗಡಿಗೆ ಮಾತ್ರ ಬರಲಿಲ್ಲ... ಆಶಾರಾಣಿ ಎಂದುಕೊಂಡಳು. ಕೋಪ ಇನ್ನೂ ಇತ್ತು. ಆದರೆ ಅದು ಯಾರೋ ಬರಲಿ ಎಂದು ಬಾಗಿಲು ಕಾಯುವ ಕೋಪವಾಗಿತ್ತು.

ಬಂದ. ಒಂದು ಮಧ್ಯಾಹ್ನ, ಹುಚ್ಚಯ್ಯ ಊಟಕ್ಕೆ ಹೋಗಿದ್ದ ಹೊತ್ತಿಗೆ. ಹೊಸ್ತಿಲಾಚೆ ನಿಂತ. ಗಡ್ಡ ಬೋಳಿಸಿದ್ದ.

"ಒಳಗೆ ಬರ್ಬೋದಾ?"

"ಅಂಗಡಿ. ಯಾರು ಬೇಕಾದ್ರೂ ಬರ್ಬೋದು."

ಅವನು ಒಳಗೆ ಬಂದು ಮೇಜಿನ ಈಚೆ ನಿಂತ. ಅವಳು ಕೈಯಲ್ಲಿದ್ದ ಕೆಲಸ ಬಿಡಲಿಲ್ಲ. ಮೇಜಿನ ಮೇಲೆ ಅರ್ಧ ಬಿಚ್ಚಿದ ಸಣ್ಣ ಕಪ್ಪು-ಬಿಳುಪು ಟಿವಿಯಿತ್ತು.

"ಅವತ್ತು ಯಾಕೆ ಅನ್ನಿಸ್ಲಿಲ್ಲ ಅಂತ ಕೇಳಿದ್ರಲ್ಲ," ಅಂದ. "ಯೋಚನೆ ಮಾಡ್ದೆ. ತಂಗಿ ಕೈ ನೋಡಿದ್ದೆ, ಭಯ ಆಗಿತ್ತು. ಯಾರ ಮೇಲಾದ್ರೂ ಹಾಕ್ಬೇಕಿತ್ತು. ನೀವು ಎದ್ರಿಗೆ ಬಂದು ಹಾಕಿ ಅಂದ್ರಿ, ಹಾಕ್ಬುಟ್ಟೆ. ಅಷ್ಟೇ. ಇದಕ್ಕಿಂತ ಒಳ್ಳೆ ಕಾರಣ ನನ್ನ ಹತ್ರ ಇಲ್ಲ."

ಆಶಾರಾಣಿಯ ಕೈ ನಿಂತಿತು. ಕ್ಷಮಿಸಿ ಎನ್ನುತ್ತಾನೆ, ಕಾಲಿಗೆ ಬೀಳುತ್ತಾನೆ, ದೊಡ್ಡ ಮಾತಾಡುತ್ತಾನೆ ಎಂದುಕೊಂಡಿದ್ದಳು. ಇದು ಅವಳು ಕಾದಿದ್ದ ಮಾತಲ್ಲ. ಅದಕ್ಕಿಂತ ಹತ್ತಿರದ್ದು.

"ದಿವ್ಯನ ಕೈ ಹೇಗಿದೆ?"

"ಮಾಯ್ತಾ ಇದೆ. ಅವರತ್ತೆ ಬಂದು ಅವ್ವನ ಜೊತೆನೇ ಅಡುಗೆ ಮಾಡ್ತಾ ಜಗಳ ಆಡ್ತಾ ಇದ್ದಾರೆ. ಇಬ್ರಿಗೂ ಚೆನ್ನಾಗೇ ಇದೆ."

ಅವಳಿಗೆ ನಗು ಬಂತು. ತಡೆದಳು.

"ಇನ್ಮೇಲೆ ನಾನು ನಿಮ್ಮ ಬಾಯಿಮಾತು ನಂಬಲ್ಲ," ಅವನು ಮೆಲ್ಲಗೆ ಅಂದ.

"ಮತ್ತೆ?"

"ಮುಖ ನೋಡ್ತೀನಿ. ಅವತ್ತು ನೋಡ್ಬೇಕಿತ್ತು, ನೋಡ್ಲಿಲ್ಲ."

ಆಶಾರಾಣಿ ಬೆಸುಗೆಯ ಕಡ್ಡಿಯನ್ನು ಪಕ್ಕಕ್ಕಿಟ್ಟು, ತಲೆ ಎತ್ತಿ ನೇರ ಅವನ ಕಡೆ ತಿರುಗಿದಳು.

"ಹಾಗಾದ್ರೆ ಈಗ ನೋಡಿ. ಏನ್ ಕಾಣ್ತಿದೆ?"

ಅವನು ನೋಡಿದ. "ಕೋಪ."

"ಇನ್ನೂ ಸ್ವಲ್ಪ ನೋಡಿ."

ಹೊರಗೆ ಬೀದಿಯಲ್ಲಿ ಬಸ್ಸೊಂದು ಹಾರನ್ ಹಾಕಿಕೊಂಡು ಹೋಯಿತು. ಅವನು ಕಣ್ಣು ಕದಲಿಸಲಿಲ್ಲ. ಅವಳೂ ತಪ್ಪಿಸಲಿಲ್ಲ. ಅವನ ಮುಖದ ಬಿಗುವು ಮೆಲ್ಲಗೆ ಸಡಿಲವಾಗುತ್ತ ಬಂತು.

"ಅವ್ವನ್ನ ಕರ್ಕೊಂಡು ನಾಳೆ ಬರ್ಲಾ?" ಕೇಳಿದ.

"ನಾಳೆ ಬೇಡ. ಅಪ್ಪ ಊರಲ್ಲಿರಲ್ಲ. ನಾಳಿದ್ದು ಬಾ."

"ಬಾ ಅಂದ್ಯಾ?"

"ಅಂದೆ," ಆಶಾರಾಣಿ ಅಂದಳು. "ಇದನ್ನ ನಂಬು."